ಬೋನ್ಸಾಯ್ ಅಂದ್ರೆ ಗಿಡಕ್ಕೆ ಹಿಂಸೆ ಅಲ್ವಾ?

ಅಲ್ಲ.

ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಕವಳ ಹಾಕಲು ಕೂತವರೆಲ್ಲ ಇದನ್ನೇ ಕೇಳುತ್ತಾರೆ. ಬೋನ್ಸಾಯ್ ಅಂದರೆ ದೊಡ್ಡ ಮರವಾಗುವ ಗಿಡವನ್ನು ಸವರುತ್ತಾ ಸಣ್ಣ ಕುಂಡದಲ್ಲೇ ಗಿಡ್ಡವಾಗಿ ಬೆಳೆಸುವುದು. ಕುಂಡದಲ್ಲಿರುವ ಮೊಳದೆತ್ತರದ ಗೋಣಿ ಮರ (ಆಲದ ಜಾತಿಯದು) ನೋಡಿ "ಪಾಪ" ಅನ್ನುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕೇಳುವ ರೀತಿಯೇ ಸಿಟ್ಟು ತರಿಸುತ್ತದೆ. ತಿಳಿದುಕೊಳ್ಳಬೇಕು ಅಂತ ಯಾರೂ ಕೇಳುವುದಿಲ್ಲ. "ಹಿಂಸೆ ಅಲ್ವಾ" ಅನ್ನುವಾಗಲೇ ತೀರ್ಪು ಆಗಿಹೋಗಿರುತ್ತದೆ. ನಾನು ಹೌದು ಅಂತ ತಲೆ ಆಡಿಸುವುದಷ್ಟೇ ಬಾಕಿ.

ಕಳೆದ ವರ್ಷ ಚೌತಿಗೆ ಬಂದ ದೊಡ್ಡಪ್ಪನೂ ಶುರು ಮಾಡಿದರು. "ತಮಾ, ಬೇರು ಕತ್ತರಿಸಿ, ತಂತಿ ಸುತ್ತಿ... ಪಾಪ ಅಲ್ದನಾ ಇದು?" ದೊಡ್ಡಪ್ಪನಿಗೆ ಅಡಿಕೆ ತೋಟವಿದೆ, ಸೊಪ್ಪಿನ ಬೆಟ್ಟವಿದೆ. ಬೆಟ್ಟದ ಮರಗಳ ಟೊಂಗೆ ಕಡಿದೇ ತೋಟಕ್ಕೆ ಸೊಪ್ಪು ಬರುವುದು. ಮಾವಿಗೆ ಕಸಿ ಕಟ್ಟುವಾಗ ಗಿಡದ ತಲೆಯನ್ನೇ ಕತ್ತರಿಸುತ್ತೇವೆ. "ದೊಡ್ಡಪ್ಪಾ, ಅದು ಹಿಂಸೆ ಅಲ್ದಾ ಹಂಗಾರೆ?" ಅಂದೆ. ಹಬ್ಬದ ದಿನ ಅಷ್ಟು ಜೋರಾಗಿ ಕೇಳಬಾರದಿತ್ತು. ಆದರೆ ಮಾತು ಸರಿಯಾಗಿಯೇ ಇತ್ತು. ಸೊಪ್ಪು ಕಡಿಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಡಿದ ಮರ ಮತ್ತೆ ಚಿಗುರುತ್ತದೆ. ನನ್ನ ಗೋಣಿಯೂ ಚಿಗುರುತ್ತದೆ. ಬೇರು ಸವರುವುದು ಕುಂಡದ ಮಣ್ಣು ಬದಲಿಸುವಾಗ ಮಾತ್ರ, ಹೊಸ ಬೇರು ಬರಲಿ ಅಂತ. ತಂತಿ ಸುತ್ತುವುದು ಟೊಂಗೆ ಬೇಕಾದ ಕಡೆ ಬಾಗಲಿ ಅಂತ, ಅದು ತೊಗಟೆಗೆ ಕಚ್ಚುವ ಮೊದಲೇ ಬಿಚ್ಚುತ್ತೇನೆ. ಈ ಗಿಡ ಹುಟ್ಟಿದ್ದು ಹಳೇ ಮನೆಯ ಗೋಡೆ ಬಿರುಕಿನಲ್ಲಿ. ಅಲ್ಲೇ ಬಿಟ್ಟಿದ್ದರೆ ಗೋಡೆ ಒಡೆಯುತ್ತದೆ ಅಂತ ಯಾರಾದರೂ ಕಿತ್ತು ಬಿಸಾಡುತ್ತಿದ್ದರು. ನನ್ನ ಹತ್ತಿರ ಬಂದು 19 ವರ್ಷವಾಯಿತು.

ಕೇಳಬೇಕಾದ್ದು ಬೇರೆ ಇದೆ. ನೀವಿಲ್ಲದಾಗ ಇದಕ್ಕೆ ನೀರು ಹಾಕುವವರು ಯಾರು? ಇದನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಏಪ್ರಿಲ್ ಬಿಸಿಲಲ್ಲಿ ಎರಡು ದಿನ ನೀರು ತಪ್ಪಿದರೆ ಸಣ್ಣ ಕುಂಡದ ಗಿಡ ಮುಗಿಯಿತು.

ಅಮೆರಿಕದ ವಾಷಿಂಗ್ಟನ್ನಿನಲ್ಲಿ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯವಿದೆ. ಅಲ್ಲೊಂದು ಬಿಳಿ ಪೈನ್ ಮರವಿದೆ. ಅದನ್ನು ಕುಂಡದಲ್ಲಿ ಬೆಳೆಸಲು ಶುರು ಮಾಡಿದ್ದು 1625ರಲ್ಲಿ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ನಮ್ಮ ಹೊನ್ನಾವರದಿಂದ ಗೇರಸೊಪ್ಪೆಯ ಮೇಲೆ ಇಕ್ಕೇರಿಗೆ ಹೋಗಿದ್ದು 1623ರಲ್ಲಿ. ಅಂದರೆ ಹೆಚ್ಚುಕಮ್ಮಿ ಆ ಕಾಲದ ಮರ. ಜಪಾನಿನ ಯಮಾಕಿ ಮನೆತನದವರು ತಲೆಮಾರುಗಳಿಂದ ಅದನ್ನು ಸಾಕಿಕೊಂಡು ಬಂದಿದ್ದರು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿತ್ತು. ಅವರ ಮನೆ ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರ. ಕಿಟಕಿ ಗಾಜು ಪುಡಿಯಾಯಿತು. ಎತ್ತರದ ಗೋಡೆಯ ಮರೆಯಲ್ಲಿದ್ದ ಪೈನ್ ಉಳಿಯಿತು.

ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು 200 ವರ್ಷವಾದಾಗ, 1976ರಲ್ಲಿ, ಜಪಾನ್ 53 ಬೋನ್ಸಾಯ್ ಉಡುಗೊರೆ ಕೊಟ್ಟಿತು. ಆ ಸಂಗ್ರಹಾಲಯ ಶುರುವಾಗಿದ್ದೇ ಅವುಗಳಿಂದ. ಮಸಾರು ಯಮಾಕಿ ತಮ್ಮ ಪೈನ್ ಮರವನ್ನೂ ಅದರಲ್ಲಿ ಸೇರಿಸಿದರು. ಬಾಂಬ್ ಹಾಕಿದ ದೇಶಕ್ಕೇ! ಆದರೂ ಆ ಕಥೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. 2001ರಲ್ಲಿ ಯಮಾಕಿಯವರ ಮೊಮ್ಮಕ್ಕಳು ಮರ ನೋಡಲು ಬಂದರು. ಆಗಲೇ ಆ ಕಥೆ ಹೊರಗೆ ಬಂತು. ಅಲ್ಲಿಯವರೆಗಿನ 25 ವರ್ಷ ಅಲ್ಲಿನ ಕೆಲಸಗಾರರು ಏನೂ ಗೊತ್ತಿಲ್ಲದೆ, ಉಳಿದ ಗಿಡಗಳಿಗೆ ಹಾಕಿದ ಹಾಗೆ ಅದಕ್ಕೂ ನೀರು ಹಾಕುತ್ತಿದ್ದರು. ನನಗೆ ಆ ಮರಕ್ಕಿಂತ ಆ ನೀರು ಹಾಕಿದವರೇ ಜಾಸ್ತಿ ನೆನಪಾಗುತ್ತಾರೆ. 1625ರಿಂದ ಇವತ್ತಿನವರೆಗೆ, ಒಬ್ಬರ ಕೈ ಸೋತಾಗ ಇನ್ನೊಬ್ಬರು ಬಂದಿದ್ದಾರೆ.

ನನ್ನ ಗೋಣಿಗೆ ಇನ್ನೂ ಯಾರೂ ಗೊತ್ತಾಗಿಲ್ಲ. ಮಗಳು ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿದ್ದಾಳೆ, ಬಿಸಿಲು ಬೀಳುವ ಜಾಗವಿಲ್ಲ. ನಾನು ಅವಳ ಮನೆಗೆ ಹೋದಾಗಲೆಲ್ಲ ಇಲ್ಲಿ ನಮ್ಮ ಪಕ್ಕದ ಮನೆಯ ಹೈಸ್ಕೂಲ್ ಹುಡುಗ ಬಂದು ಎರಡು ಹೊತ್ತು ನೀರು ಹಾಕುತ್ತಾನೆ. ಮುಂದಿನ ವರ್ಷ ಅವನೂ ಕಾಲೇಜಿಗೆ ಧಾರವಾಡಕ್ಕೆ ಹೊರಟಿದ್ದಾನೆ.