ಎಪ್ಪತ್ತಮೂರು – ಸೊನ್ನೆ

30 ನವೆಂಬರ್ 2025, ಭಾನುವಾರ
ಬೆಂಗಳೂರು

ನಿನ್ನೆ ರಾತ್ರಿ ಊಟದ ತಟ್ಟೆ ಹಿಡಿದುಕೊಂಡೇ ಮ್ಯಾಚ್ ಹಾಕಿ ಕೂತೆ. ಕಾರ್ಡಿಫ್‌ನಲ್ಲಿ ವೇಲ್ಸ್ ಮತ್ತು ದಕ್ಷಿಣ ಆಫ್ರಿಕಾ ರಗ್ಬಿ. ಅಲ್ಲಿ ಮಧ್ಯಾಹ್ನ, ಇಲ್ಲಿ ಎಂಟೂವರೆ ದಾಟಿತ್ತು. ವೇಲ್ಸ್ ಸೋಲುತ್ತೆ ಅಂತ ಗೊತ್ತಿತ್ತು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಕೂತಿದ್ದೆ. ಸಾರನ್ನ ಮುಗಿಸಿ ಮೊಸರನ್ನಕ್ಕೆ ಬರುವಷ್ಟರಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡದ್ದು ಸಾಲದು ಅನ್ನಿಸಿತು. ಮುಗಿದಾಗ 73-0. ಹನ್ನೊಂದು ಟ್ರೈ, ಅಂದರೆ ಎದುರಾಳಿಯ ಗೋಲ್ ಲೈನ್ ಆಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದ್ದು ಹನ್ನೊಂದು ಸಲ. ವೇಲ್ಸ್‌ಗೆ ಒಂದು ಪೆನಾಲ್ಟಿಯ ಮೂರು ಪಾಯಿಂಟ್ ಕೂಡ ಇಲ್ಲ, ಅದೂ ತನ್ನ ಮನೆಯಲ್ಲೇ. ಟಿವಿಯಲ್ಲಿ ಕ್ಯಾಮೆರಾ ಮೇಲಕ್ಕೆ ಹೋದಾಗಲೆಲ್ಲ ಖಾಲಿ ಕುರ್ಚಿಗಳು ಕಂಡವು. ಆ ಸ್ಟೇಡಿಯಂನಲ್ಲಿ ಖಾಲಿ ಕುರ್ಚಿ ನೋಡಿದ್ದು ನನಗೆ ಸ್ಕೋರಿಗಿಂತ ಜಾಸ್ತಿ ನೋವಾಯಿತು.

ನನಗ್ಯಾಕೆ ಇಷ್ಟು ಸಂಕಟ ಅಂದರೆ, ಆಫೀಸ್ ಕೆಲಸಕ್ಕೆ ಅಂತ ಹೋಗಿ ಎರಡು ವರ್ಷ ಕಾರ್ಡಿಫ್‌ನಲ್ಲಿ ಇದ್ದೆ. ರಗ್ಬಿ ಕಲಿತದ್ದು ಅಲ್ಲೇ, ಮನೆ ಓನರ್ ಅಜ್ಜನಿಂದ. ಸ್ಕ್ರಮ್ ಅಂದರೇನು ಅಂತ ಕೇಳಿದ್ದಕ್ಕೆ ಅವರು ಅಡುಗೆಮನೆ ಟೇಬಲ್ ಮೇಲೆ ಎಂಟು ಟೀ ಬ್ಯಾಗ್, ಅದರ ಎದುರಿಗೆ ಎಂಟು ಬಿಸ್ಕತ್ತು ಜೋಡಿಸಿದರು. ಮುಂದೆ ಮೂವರು, ಅವರ ಹಿಂದೆ ಇಬ್ಬರು, ಪಕ್ಕಕ್ಕೆ ಒಬ್ಬೊಬ್ಬರು, ಕೊನೆಗೆ ಒಬ್ಬ. ಆಮೇಲೆ ಎರಡೂ ಅಂಗೈಯಿಂದ ಎರಡೂ ಕಡೆಯನ್ನು ಒತ್ತಿದರು. ಬಿಸ್ಕತ್ತು ಪುಡಿಯಾಯಿತು. "ನೋಡು, ಬಿಸ್ಕತ್ತಿನ ಕಡೆಗೆ ಪೆನಾಲ್ಟಿ" ಅಂದರು. ಪುಡಿಯಾದವರಿಗೇ ಶಿಕ್ಷೆ ಯಾಕೆ ಅಂತ ಕೇಳಿದೆ. ಸ್ಕ್ರಮ್ ಕುಸಿಯಲು ಕಾರಣರಾದವರದ್ದೇ ತಪ್ಪು, ಅದೇ ಈ ಆಟದ ನ್ಯಾಯ ಅಂದು ಪುಡಿ ತಿಂದರು.

ನಮ್ಮ ಕಬಡ್ಡಿ ನೋಡಿ ಬೆಳೆದವರಿಗೆ ಟ್ಯಾಕಲ್ ಬೇಗ ಅರ್ಥ ಆಗುತ್ತೆ. ಕಾಲು ಹಿಡಿ, ಕೆಡವು, ಅಷ್ಟೇ. ಗೊಂದಲ ಶುರುವಾಗೋದು ಆಮೇಲೆ. ಕಬಡ್ಡಿಯಲ್ಲಿ ರೈಡರ್ ಸಿಕ್ಕಿಬಿದ್ದರೆ ರೈಡ್ ಮುಗೀತು. ಇಲ್ಲಿ ಬಿದ್ದ ಮೇಲೇ ನಿಜವಾದ ಜಗಳ. ಬಿದ್ದವನು ಚೆಂಡು ಬಿಡಲೇಬೇಕು, ಕೆಡವಿದವನು ಪಕ್ಕಕ್ಕೆ ಸರಿಯಲೇಬೇಕು, ಉಳಿದವರು ಹಿಂದಿನಿಂದ ಬಂದು ನಿಂತುಕೊಂಡೇ ತಳ್ಳಬೇಕು. ಇದಕ್ಕೇ ರಕ್ ಅನ್ನುತ್ತಾರೆ. ಈ ರಕ್‌ನಿಂದ ಚೆಂಡು ಎರಡು ಸೆಕೆಂಡಿಗೆ ಹೊರಗೆ ಬಂದರೆ ಒಂದು ಬಗೆಯ ಆಟ, ಐದು ಸೆಕೆಂಡಿಗೆ ಬಂದರೆ ಬೇರೆಯದೇ ಆಟ. ಯಾರ ಶೈಲಿ ಏನು ಅಂತ ತಿಳಿಯೋಕೆ ನಾನು ಈಗಲೂ ಮೊದಲು ನೋಡೋದು ಇದನ್ನೇ.

2019ರ ಮಾರ್ಚ್ 16. ವೇಲ್ಸ್ ಐರ್ಲೆಂಡನ್ನು 25-7ರಿಂದ ಸೋಲಿಸಿ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ ದಿನ, ಅಂದರೆ ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ ತನ್ನ ಎಲ್ಲ ಮ್ಯಾಚೂ ಗೆದ್ದ ದಿನ. ಜಡಿಮಳೆ. ಆ ಸ್ಟೇಡಿಯಂಗೆ ಮುಚ್ಚುವ ಛಾವಣಿ ಇದೆ, ಆದರೆ ಆಗ ಎರಡೂ ತಂಡ ಒಪ್ಪಿದರೆ ಮಾತ್ರ ಮುಚ್ಚಬೇಕಿತ್ತು. ಐರ್ಲೆಂಡ್ ಬೇಡ ಅಂದಿತ್ತು. ಟಿಕೆಟ್ ಸಿಗದೆ ಹೊರಗೆ ರಸ್ತೆಯಲ್ಲಿ ನಿಂತ ನಾವೂ ನೆಂದೆವು, ಒಳಗೆ ದುಡ್ಡು ಕೊಟ್ಟು ಕೂತವರೂ ನೆಂದರು. ಎರಡನೇ ನಿಮಿಷ ಮುಗಿಯುವ ಮುಂಚೆ ಹ್ಯಾಡ್ಲಿ ಪಾರ್ಕ್ಸ್ ಟ್ರೈ ಹಾಕಿದ. ಉಳಿದ 20 ಪಾಯಿಂಟೂ ಗ್ಯಾರೆತ್ ಆನ್ಸ್‌ಕೋಂಬ್ ಕಾಲಿಂದಲೇ ಬಂದವು. ನಿಜ ಹೇಳಬೇಕಂದ್ರೆ ಅದು ಚೆಂದದ ಆಟ ಅಲ್ಲ. ಬರೀ ಡಿಫೆನ್ಸ್, ಕಿಕ್, ಎದುರಾಳಿ ತಪ್ಪು ಮಾಡೋವರೆಗೂ ಕಾಯೋದು. ವಾರೆನ್ ಗ್ಯಾಟ್‌ಲಂಡ್ ಕೋಚ್ ಆಗಿದ್ದಾಗಿನ ಈ ಆಟಕ್ಕೆ 'ವಾರೆನ್‌ಬಾಲ್' ಅಂತ ಬೈಗುಳದ ಹೆಸರೇ ಇತ್ತು. ಆವತ್ತು ಆ ಮಳೆಯಲ್ಲಿ ಒಬ್ಬರಾದರೂ ಬೋರ್ ಅಂತ ಗೊಣಗಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಈಗ ಎಲ್ಲೆಲ್ಲೂ ಕೇಳಿಬರೋ ಮಾತು, ರಗ್ಬಿ ಬೋರ್ ಆಗ್ತಿದೆ, ಬರೀ ಕಿಕ್, ಬರೀ ಸ್ಕ್ರಮ್, ಅದನ್ನು ಹಾಳು ಮಾಡಿದ್ದು ದಕ್ಷಿಣ ಆಫ್ರಿಕಾ ಅಂತ. ಕೆಲವು ವರ್ಷ ನಾನೂ ಹೀಗೇ ಬೈತಿದ್ದೆ. 2023ರ ವಿಶ್ವಕಪ್‌ನಲ್ಲಿ ಅವರು ಕ್ವಾರ್ಟರ್ ಫೈನಲ್ 29-28, ಸೆಮಿ 16-15, ಫೈನಲ್ 12-11 ಗೆದ್ದರು. ಮೂರೂ ಒಂದೊಂದೇ ಪಾಯಿಂಟು. ಫೈನಲ್‌ನಲ್ಲಿ ಅವರದ್ದು ಒಂದೂ ಟ್ರೈ ಇಲ್ಲ, ಹಾಂಡ್ರೆ ಪೊಲಾರ್ಡ್‌ನ ನಾಲ್ಕು ಪೆನಾಲ್ಟಿ ಅಷ್ಟೇ. ಬೆಂಚಿನ ಎಂಟು ಬದಲಿ ಆಟಗಾರರಲ್ಲಿ ಏಳು ಜನ ಸ್ಕ್ರಮ್ ತಳ್ಳೋ ದಡೂತಿ ಫಾರ್ವರ್ಡ್‌ಗಳು. ಎದುರಾಳಿಯ ಉಸಿರು ಕಟ್ಟುವ ಹೊತ್ತಿಗೆ ಹೊಸ ಎತ್ತುಗಳನ್ನು ನೊಗಕ್ಕೆ ಕಟ್ಟಿದ ಹಾಗೆ. ಫ್ರಾನ್ಸ್ ಮೇಲಿನ ಆ ಕ್ವಾರ್ಟರ್ ಫೈನಲ್‌ನಲ್ಲಿ ಡೇಮಿಯನ್ ವಿಲೆಮ್ಸೆ ತನ್ನದೇ ಗೋಲ್ ಲೈನ್ ಹತ್ತಿರ ಹೈಕಿಕ್ ಹಿಡಿದು 'ಮಾರ್ಕ್' ಅಂತ ಕೂಗಿದ (ಹಾಗೆ ಕೂಗಿದರೆ ಫ್ರೀ ಕಿಕ್ ಸಿಗುತ್ತೆ), ಆಮೇಲೆ ಕಿಕ್ ಮಾಡೋ ಬದಲು ಸ್ಕ್ರಮ್ ಕೊಡಿ ಅಂದ. ಎಲ್ಲರೂ ಬಾಯಿ ಬಿಟ್ಟರು. ನಮ್ಮ ಸ್ಕ್ರಮ್ಮೇ ನಮ್ಮ ಆಯುಧ, ಇಲ್ಲಿಂದಲೇ ನಿಮ್ಮನ್ನು ಸುಸ್ತು ಮಾಡ್ತೀವಿ ಅನ್ನೋ ಲೆಕ್ಕ. ಮರುವರ್ಷ ಆ ಕಾನೂನನ್ನೇ ಬದಲಿಸಿದರು, ಫ್ರೀ ಕಿಕ್‌ಗೆ ಬದಲಾಗಿ ಸ್ಕ್ರಮ್ ಕೇಳುವ ಹಾಗಿಲ್ಲ.

ಆದರೆ ಅದಾದ ಮೇಲೆ ಅವರು ಆಡ್ತಿರೋದನ್ನು ಗಮನ ಇಟ್ಟು ನೋಡಿದರೆ ಬೋರ್ ಅನ್ನೋ ಮಾತು ಬಾಯಿಗೆ ಬರಲ್ಲ. 2024ರಲ್ಲಿ ನ್ಯೂಜಿಲೆಂಡಿನ ಟೋನಿ ಬ್ರೌನ್ ಅವರನ್ನು ಅಟ್ಯಾಕ್ ಕೋಚ್ ಮಾಡಿಕೊಂಡರು. ಈ ಜುಲೈನಲ್ಲಿ ಇಟಲಿ ಮೇಲೆ ಆಟದ ಮಧ್ಯದಲ್ಲೇ, ಲೈನ್‌ಔಟ್ (ಪಕ್ಕದ ಗೆರೆಯಿಂದ ಚೆಂಡು ಒಳಗೆ ಎಸೆಯೋದು) ಇಲ್ಲದೇನೇ, ಒಬ್ಬನನ್ನು ಮೇಲಕ್ಕೆತ್ತಿ ಚೆಂಡು ಪಾಸ್ ಮಾಡಿ, ಇಳಿಸಿ, ಅಲ್ಲೇ ಚೆಂಡು ಹಿಡಿದವನ ಸುತ್ತ ಗುಂಪು, ಅಂದರೆ ಮಾಲ್, ಕಟ್ಟಿ ತಳ್ಳಿಕೊಂಡು ಹೋದರು. ಜಾತ್ರೆಯಲ್ಲಿ ತೇರು ಎಳೆಯೋ ಹಾಗೆ. ಅವತ್ತು ಅವರ ಕಡೆಯ ಒಬ್ಬನಿಗೆ ಮೊದಲಾರ್ಧದಲ್ಲೇ ರೆಡ್ ಕಾರ್ಡ್ ಆಗಿತ್ತು, ಆದರೂ 45-0. ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ತಮ್ಮದೇ ಎಲ್ಲಿಸ್ ಪಾರ್ಕ್‌ನಲ್ಲಿ 22-0 ಮುಂದಿದ್ದು, ಎಲ್ಲಿಂದ ಬೇಕಾದರೂ ಚೆಂಡು ಅಗಲಕ್ಕೆ ಹಾಕ್ತಾ ಹೋಗಿ, 22-38 ಸೋತರು. ಹೊಸ ಆಟ ಕಲಿಯೋವಾಗ ಕೊಡೋ ಶುಲ್ಕ ಅದು. ಸೆಪ್ಟೆಂಬರ್ 13ಕ್ಕೆ ವೆಲಿಂಗ್ಟನ್‌ನಲ್ಲಿ ನ್ಯೂಜಿಲೆಂಡಿಗೆ 43-10 ಬಾರಿಸಿದರು. ಅರ್ಧ ಆಟಕ್ಕೆ ನ್ಯೂಜಿಲೆಂಡೇ 10-7 ಮುಂದಿತ್ತು, ದ್ವಿತೀಯಾರ್ಧದಲ್ಲಿ ಒಂದೇ ಕಡೆಯಿಂದ 36 ಪಾಯಿಂಟು. ಆಲ್ ಬ್ಲ್ಯಾಕ್ಸ್ ಅಂತ ಕರೆಯೋ ಆ ತಂಡದ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರದ ಸೋಲಿಲ್ಲ. ಅದನ್ನು ನಾನು ಶನಿವಾರ ಮಧ್ಯಾಹ್ನ ಬಟ್ಟೆ ಮಡಚುತ್ತಾ ನೋಡೋಕೆ ಶುರು ಮಾಡಿದೆ, ದ್ವಿತೀಯಾರ್ಧದಲ್ಲಿ ಒಂದು ಬಟ್ಟೆಯೂ ಮಡಚಲಿಲ್ಲ.

ಕಿಕ್ ಜಾಸ್ತಿ ಆಗಿರೋದು ನಿಜ. ಅದಕ್ಕೂ ಒಂದು ಕಾರಣ ಇದೆ, ಅದನ್ನು ಯಾರೂ ಹೇಳೋದಿಲ್ಲ. ಮೊದಲೆಲ್ಲ ಎದುರಾಳಿ ಹೈಕಿಕ್ ಹಾಕಿದರೆ, ಚೆಂಡು ಹಿಡಿಯೋ ನಮ್ಮ ಹುಡುಗನ ಮುಂದೆ ನಾಲ್ಕು ಜನ ಏನೂ ಗೊತ್ತಿಲ್ಲದವರ ಹಾಗೆ ಓಡಿ ಅಡ್ಡ ನಿಂತುಬಿಡುತ್ತಿದ್ದರು. ಮದುವೆ ಮನೆಯಲ್ಲಿ ಊಟದ ಸಾಲಿಗೆ ಯಾರೂ ನುಗ್ಗದ ಹಾಗೆ ನೆಂಟರು ನಿಲ್ಲುತ್ತಾರಲ್ಲ, ಹಾಗೆ. ಕಳೆದ ವರ್ಷದ ಕೊನೆಯಿಂದ ರೆಫರಿಗಳು ಇದಕ್ಕೆ ಪೆನಾಲ್ಟಿ ಕೊಡೋಕೆ ಶುರು ಮಾಡಿದರು. ಈಗ ಚೆಂಡು ಮೇಲಿದ್ದಾಗ ಇಬ್ಬರೂ ಸಮವಾಗಿ ಹಾರಬೇಕು. ಹಾಗಾಗಿ ಹೈಕಿಕ್ ಹಾಕಿದರೆ ವಾಪಸ್ ಸಿಗೋ ಅವಕಾಶ ಜಾಸ್ತಿ. ಸಿಗೋ ಹಾಗಿದ್ದರೆ ಯಾರು ತಾನೆ ಬಿಡ್ತಾರೆ? ಎತ್ತರಕ್ಕೆ ಹಾರಿ ಚೆಂಡು ಕೈಯಿಂದ ತಟ್ಟುವ ವಿಂಗರ್‌ಗಳಿಗೆ, ಅಂದರೆ ಅಂಚಿನಲ್ಲಿ ಆಡೋರಿಗೆ, ಬೆಲೆ ಬಂತು, ಕೆಳಗೆ ಬಿದ್ದ ಚೆಂಡಿಗೆ ಮೊದಲು ಓಡಿ ಬರುವವನಿಗೂ ಬೆಲೆ ಬಂತು. ಕಾನೂನಿನಲ್ಲಿ ಒಂದು ಸಾಲು ತಿದ್ದಿದರೆ ಆರು ತಿಂಗಳಿಗೆ ಎಲ್ಲ ದೇಶದವರ ಆಟವೂ ಬದಲಾಗುತ್ತೆ. 2021ರಲ್ಲಿ ತಂದ 50-22 ನಿಯಮವೂ ಹಾಗೇ. ನಮ್ಮ ಅರ್ಧದಿಂದ ಒದ್ದ ಚೆಂಡು ಪುಟಿದು ಅವರ 22 ಮೀಟರ್ ಗೆರೆಯ ಒಳಭಾಗದಲ್ಲಿ ಪಕ್ಕದ ಗೆರೆ ದಾಟಿದರೆ ಲೈನ್‌ಔಟ್ ನಮ್ಮದೇ. ಆ ಭಯಕ್ಕೆ ವಿಂಗರ್ ಹಿಂದೆ ನಿಲ್ಲಬೇಕು, ಆಗ ಮುಂದೆ ಜಾಗ ಸಿಗುತ್ತೆ ಅನ್ನೋ ಯೋಚನೆ. ನನಗಂತೂ ಇದು ಬಲು ಇಷ್ಟ.

ಸರಿ, ಶೈಲಿ ಮಾತು ಸಾಕು. ನಿನ್ನೆ ನಡೆದದ್ದು ಶೈಲಿಯ ಸೋಲಲ್ಲ. ಲೆಕ್ಕಪತ್ರದ ಸೋಲು.

ದೇಶದ ತಂಡಕ್ಕೆ ಅಂತ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲೇಬೇಕಾದ ವಾರಗಳು ಇಷ್ಟೇ ಅಂತ ನಿಗದಿ ಇದೆ. ನಿನ್ನೆಯ ಶನಿವಾರ ಅದರಾಚೆಗೆ ಬಿತ್ತು. ಇಂಗ್ಲೆಂಡ್, ಫ್ರಾನ್ಸ್ ಕ್ಲಬ್‌ಗಳಲ್ಲಿ ಆಡುವ ಹತ್ತಕ್ಕೂ ಹೆಚ್ಚು ಜನ ವೇಲ್ಸ್ ಹುಡುಗರು ಬರುವ ಹಾಗಿರಲಿಲ್ಲ. ಜೊತೆಗೆ ಗಾಯಾಳುಗಳು ಬೇರೆ. ಎದುರಿಗೆ ವಿಶ್ವ ಚಾಂಪಿಯನ್ನರು. ಹಾಗಿದ್ದರೆ ಮ್ಯಾಚ್ ಯಾಕೆ ಇಟ್ಟರು? ಟಿಕೆಟ್ ದುಡ್ಡಿಗೆ, ಇನ್ಯಾಕೆ. ವೇಲ್ಸ್ ಮಂಡಳಿಗೆ ಆ ಸ್ಟೇಡಿಯಂ ತುಂಬಿದಷ್ಟೂ ದಿನ ಹೊಟ್ಟೆ ತುಂಬುತ್ತೆ. ತುಂಬಿಸೋದಕ್ಕೆ ಮ್ಯಾಚ್ ಇಟ್ಟರು, ಇಟ್ಟ ಮ್ಯಾಚಿಗೆ ತಂಡ ಇಲ್ಲ, ತಂಡ ಇಲ್ಲ ಅಂತ ಜನ ಬರಲಿಲ್ಲ.

ಇಡೀ ದೇಶದ ಜನಸಂಖ್ಯೆ ಮೂವತ್ತು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ, ನಮ್ಮ ಬೆಂಗಳೂರಿನ ಕೆಲವು ಬಡಾವಣೆ ಕೂಡಿಸಿದರೆ ಅಷ್ಟಾಗುತ್ತೆ. 1995ರ ಆಗಸ್ಟ್ 26ಕ್ಕೆ ಪ್ಯಾರಿಸ್‌ನಲ್ಲಿ ರಗ್ಬಿ ಯೂನಿಯನ್, ಅಂದರೆ ಈ ಹದಿನೈದು ಜನರ ರಗ್ಬಿ, ಇನ್ನು ಮುಂದೆ ಸಂಬಳದ ಆಟ ಅಂತ ಘೋಷಿಸಿದರು. ಅಲ್ಲಿವರೆಗೂ ದುಡ್ಡು ಮುಟ್ಟುವ ಹಾಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ವೇಲ್ಸ್ ಮೆರೆದಾಗ ತಂಡದಲ್ಲಿದ್ದ ಜೆಪಿಆರ್ ವಿಲಿಯಮ್ಸ್ ಮೂಳೆ ಡಾಕ್ಟರ್. ಎಲ್ಲರಿಗೂ ಸಂಬಳ ಸೊನ್ನೆ ಇದ್ದಾಗ ಪುಟ್ಟ ದೇಶವೂ ದೊಡ್ಡ ದೇಶವೂ ಸರಿಸಮ. ಸಂಬಳ ಬಂದ ಮೇಲೆ ತಕ್ಕಡಿ ವಾಲಿತು. 2003ರಲ್ಲಿ ಹಳೇ ಕ್ಲಬ್‌ಗಳನ್ನು ಬದಿಗೆ ಸರಿಸಿ ಐದು ಪ್ರಾದೇಶಿಕ ತಂಡ ಮಾಡಿದರು, ಒಂದೇ ವರ್ಷಕ್ಕೆ ನಾಲ್ಕಾಯಿತು. ಈ ಏಪ್ರಿಲ್‌ನಲ್ಲಿ ಕಾರ್ಡಿಫ್ ತಂಡ ದಿವಾಳಿ ಅಂಚಿಗೆ ಬಂದು ಮಂಡಳಿಯೇ ಕೊಂಡುಕೊಂಡಿತು. ಹೋದ ತಿಂಗಳು, ನಾಲ್ಕಲ್ಲ, ಮೂರೇ ಸಾಕು ಅಂದರು. ಯಾವುದು ಹೋಗುತ್ತೆ ಅಂತ ಇನ್ನೂ ಗೊತ್ತಿಲ್ಲ. ನಾಳೆ ತನಗೆ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದ ಹುಡುಗ ಇವತ್ತು ದಕ್ಷಿಣ ಆಫ್ರಿಕಾದ ಎಬೆನ್ ಎಟ್ಜೆಬೆತ್ ಎದುರಿಗೆ ಸ್ಕ್ರಮ್‌ಗೆ ತಲೆ ಕೊಡಬೇಕು. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ಮ್ಯಾಚಿಗೆ ಮುಂಚೆ ಆಟಗಾರರು ಮುಷ್ಕರದ ಮಾತಾಡಿದ್ದು ಇದೇ ಕಾಂಟ್ರ್ಯಾಕ್ಟ್ ವಿಷಯಕ್ಕೆ.

ಇಂಗ್ಲೆಂಡಿನಲ್ಲೂ ಸುಖ ಇಲ್ಲ. 2022ರಲ್ಲಿ ವೂಸ್ಟರ್, ವಾಸ್ಪ್ಸ್ ಕ್ಲಬ್‌ಗಳು ಬಾಗಿಲು ಹಾಕಿದವು, ಮರುವರ್ಷ ಲಂಡನ್ ಐರಿಶ್. ಈಗ ಮೇಲಿನ ಲೀಗ್‌ನಲ್ಲಿ ಉಳಿದಿರೋದು ಹತ್ತು ಕ್ಲಬ್. ಈ ಆಗಸ್ಟ್‌ನಲ್ಲಿ ನ್ಯೂಕ್ಯಾಸಲ್ ಕ್ಲಬ್ಬನ್ನು ರೆಡ್ ಬುಲ್ ಕೊಂಡಿತು. ದುಡ್ಡು ಚೆನ್ನಾಗಿರೋದು ಫ್ರಾನ್ಸ್‌ನಲ್ಲಿ, ಅಲ್ಲಿನ ಟಾಪ್ 14 ಲೀಗ್‌ನಲ್ಲಿ. ಅಲ್ಲಿ ಊರಿಗೆ ಊರೇ ಕ್ಲಬ್ ಬೆನ್ನಿಗೆ ನಿಲ್ಲುತ್ತೆ, ಟಿವಿ ದುಡ್ಡೂ ಇದೆ. ಆಂಟ್ವಾನ್ ಡ್ಯೂಪಾಂಟ್‌ನ ಟೂಲೂಸ್ 2023, 24, 25 ಸತತ ಮೂರು ವರ್ಷ ಗೆದ್ದಿದೆ. ಚೆಂಡು ಕೈಯಿಂದ ಕೈಗೆ ಹಾರೋ ಆಟ ಬೇಕಾದವರು ಅದನ್ನು ನೋಡಿ. ಚೆಂದದ ಆಟಕ್ಕೂ ಸರಿಯಾಗಿ ಸಂಬಳ ಬರೋದಕ್ಕೂ ಸಂಬಂಧ ಇದೆ ಅಂತ ನನ್ನ ಅನುಮಾನ. ಕೆಲಸದ ಭಯ ಇರೋನು ರಿಸ್ಕ್ ತಗೊಳಲ್ಲ, ಒದ್ದು ಕಳಿಸ್ತಾನೆ. ನಮ್ಮ ಆಫೀಸಿನಲ್ಲೂ ಹಂಗೇ ಅಲ್ವಾ.

ಅಂದ ಹಾಗೆ ಈ ಜೂನ್‌ನಲ್ಲಿ ಮುಂಬೈನಲ್ಲಿ ನಮ್ಮದೂ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು, ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ತಂಡವೂ ಇತ್ತು. ಅದು ಏಳು ಜನರ ಆಟ. ಸ್ಕ್ರಮ್‌ಗೆ ಮೂರೇ ಬಿಸ್ಕತ್ತು. ಓಟ ನೋಡೋಕೆ ಚೆನ್ನ, ಆದರೆ ನನ್ನ ರುಚಿ ಹದಿನೈದರದ್ದೇ.

ನಿನ್ನೆ ಅರ್ಧ ಆಟಕ್ಕೆ ಅಜ್ಜನಿಗೆ ವಾಟ್ಸಾಪ್ ಮಾಡಿದೆ, ನೋಡ್ತಿದ್ದೀರಾ ಅಂತ. ನಾಯಿ ವಾಕಿಂಗ್‌ಗೆ ಕರ್ಕೊಂಡು ಬಂದಿದ್ದೀನಿ ಅಂತ ಉತ್ತರ ಬಂತು. ಒಂದು ಗಂಟೆ ಆದ ಮೇಲೆ, ನಾಯಿಗೂ ಸಾಕಾಯಿತು, ಇನ್ನೂ ಮುಗಿದಿಲ್ವಾ ಅಂತ ಕೇಳಿದರು. ಮುಗೀತು ಅಂದೆ, ಸ್ಕೋರ್ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಇವತ್ತು ಬೆಳಗ್ಗೆ ಏಳುವಷ್ಟರಲ್ಲಿ ಇನ್ನೊಂದು ಮೆಸೇಜ್ ಬಿದ್ದಿತ್ತು. ಮುಂದಿನ ಸಿಕ್ಸ್ ನೇಷನ್ಸ್‌ಗೆ ಟಿಕೆಟ್ ತಗೊಂಡಿದ್ದಾರಂತೆ, ಒಂದೇ ಮ್ಯಾಚಿಗೆ, ಮಾರ್ಚ್‌ನಲ್ಲಿ ಇಟಲಿ ಮೇಲಿನದ್ದು. ನಾನಿದ್ದ ಕಾಲದಲ್ಲಿ ಇಟಲಿ ಮ್ಯಾಚಿನ ಟಿಕೆಟನ್ನು ಅವರು ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಿದ್ದರು.