ಹುತ್ತರಿಯ ಹಕಾರ ಕಳೆದುಹೋದ ವಾರ

ಕಳೆದ ಜುಲೈ ತಿಂಗಳಲ್ಲಿ ನಮ್ಮ ಕ್ಯೂಸಿ (ಗುಣಮಟ್ಟ ಪರಿಶೀಲನೆ) ಶೀಟಿನ ಒಂಬತ್ತನೆಯ ಸಾಲಿನಲ್ಲಿ ಒಂದು ಷರಾ ಬಂದಿತ್ತು: "ನಿರೂಪಕಿಗೆ ಹಕಾರದ ಉಚ್ಚಾರಣೆ ಇಲ್ಲ. ಹುತ್ತರಿ ಎನ್ನುವಲ್ಲೆಲ್ಲ ಉತ್ತರಿ ಎಂದು ಕೇಳುತ್ತದೆ. ರೀಟೇಕ್ ಅಥವಾ ಬದಲಿ ಧ್ವನಿ." ಆ ನಿರೂಪಕಿ ನಾಪೋಕ್ಲು ಕಡೆಯ ನಿವೃತ್ತ ಕನ್ನಡ ಶಿಕ್ಷಕಿ. ಕೊಡಗಿನ ಸುಗ್ಗಿ ಹಬ್ಬವನ್ನು ಮನೆಮಾತಿನಲ್ಲಿ ಪುತ್ತರಿ ಎನ್ನುವ ಅವರು ಕನ್ನಡದಲ್ಲಿ ಓದಲು ಕುಳಿತಾಗ ಹುತ್ತರಿಯ ಹಕಾರಕ್ಕೆ ಪೂರ್ತಿ ಉಸಿರು ಕೊಡುತ್ತಾರೆ. ಮಕ್ಕಳ ಬಾಯಲ್ಲಿ ಅಕಾರ ಹಕಾರಗಳನ್ನು ತಿದ್ದುವುದರಲ್ಲೇ ಅವರ ವೃತ್ತಿಜೀವನ ಕಳೆದಿದೆ. ಅವರು ನುಡಿದ ಹಕಾರವನ್ನು ಮಡಿಕೇರಿಯ ನನ್ನ ಮನೆಯ ಮೇಜಿನ ಮೇಲೆ ಅಳಿಸಿಹಾಕಿದವನು ನಾನು. ಅದು ನನಗೆ ತಿಳಿಯುವ ಹೊತ್ತಿಗೆ ಅವರನ್ನು ಸರಣಿಯಿಂದ ಕೈಬಿಡುವ ತೀರ್ಮಾನವೂ ಆಗಿಹೋಗಿತ್ತು.

ನಾನು ಮಾಡುವುದು ಧ್ವನಿ ಸಂಕಲನದ ಕೆಲಸ. ಕೊಡಗಿನ ಹಬ್ಬಗಳು ಮತ್ತು ಬೇಸಾಯದ ಬಗ್ಗೆ ಮಕ್ಕಳಿಗಾಗಿ ತಯಾರಾಗುತ್ತಿದ್ದ ಪಾಠಗಳ ಹದಿನಾಲ್ಕು ರಾ (ಸಂಕಲನವಾಗದ ಮೂಲ) ಫೈಲುಗಳ ಬ್ಯಾಚ್ ನನ್ನ ಪಾಲಿಗೆ ಬಂದಿತ್ತು. ಉಪಕರಣದ ವಿಷಯದಲ್ಲಿ ಸಂಸ್ಥೆಯ ನಿಲುವು ಹಿಂದಿನಿಂದಲೂ ಒಂದೇ: ಲ್ಯಾಪ್‌ಟಾಪ್ ನಿಮ್ಮದು, ಹೆಡ್‌ಫೋನ್ ನಿಮ್ಮದು, ಡೆಡ್‌ಲೈನ್ ಮಾತ್ರ ನಮ್ಮದು. ಜೂನ್ ತಿಂಗಳ ಮಳೆಗೆ ನನ್ನ ಹಳೆಯ ಹೆಡ್‌ಫೋನಿನ ಕಿವಿಮೆತ್ತೆಗಳಿಗೆ ಬೂಷ್ಟು ಹಿಡಿದು, ಮೇಲಿನ ಪದರ ಸಿಪ್ಪೆಯಂತೆ ಏಳತೊಡಗಿದ್ದರಿಂದ ಅದನ್ನು ಬದಿಗಿಟ್ಟು, ಕಿವಿಯೊಳಗೆ ಕೂರುವ ಸಣ್ಣ ಇಯರ್‌ಫೋನನ್ನು ಲ್ಯಾಪ್‌ಟಾಪಿನ ಜ್ಯಾಕಿಗೆ ಸಿಕ್ಕಿಸಿಕೊಂಡು ಕೆಲಸ ಆರಂಭಿಸಿದೆ. ಮೊದಲ ಫೈಲಿನಲ್ಲೇ, ಶಿಕ್ಷಕಿಯವರು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸುಸ್ಸೆನ್ನುವ ಸದ್ದೂ ಅದರ ಹಿಂದೆ ಸಣ್ಣಗೆ ಕೊರೆಯುವ ಇನ್ನೊಂದು ಸದ್ದೂ ಕೇಳಿಸಿದವು. ಪ್ಲೇ ನಿಲ್ಲಿಸಿ ಕಾದು ನೋಡಿದೆ, ಎರಡೂ ನಿಂತವು. ಮತ್ತೆ ಪ್ಲೇ ಒತ್ತಿದೆ, ಎರಡೂ ಬಂದವು. ಪ್ಲೇ ಮಾಡಿದಾಗ ಮಾತ್ರ ಬರುವ ಸದ್ದು ಫೈಲಿನದೇ ಇರಬೇಕು ಎಂದು ನಾನು ಲೆಕ್ಕ ಹಾಕಿದ್ದು ಅಲ್ಲಿಯೇ. ಮುಂದಿನ ಒಂದು ವಾರದ ತಪ್ಪುಗಳೆಲ್ಲ ಆ ಲೆಕ್ಕದಿಂದಲೇ ಹುಟ್ಟಿದವು.

ಆಡಾಸಿಟಿ ಎಂಬ ಸಂಕಲನ ತಂತ್ರಾಂಶದಲ್ಲಿ ರೂಮ್ ಟೋನಿನ, ಅಂದರೆ ಮಾತಿಲ್ಲದಾಗಿನ ಕೋಣೆಯ ಸದ್ದಿನ, ಪ್ರೊಫೈಲ್ ತೆಗೆದುಕೊಂಡು, ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ 12 ಡೆಸಿಬೆಲ್ ಕೊಟ್ಟೆ. ಸದ್ದು ಸ್ವಲ್ಪ ತಗ್ಗಿದಂತೆ ಕಂಡಿತೇ ಹೊರತು ಹೋಗಲಿಲ್ಲ. 18ಕ್ಕೆ ಏರಿಸಿದೆ, 24ಕ್ಕೆ ಏರಿಸಿದೆ, ಸೆನ್ಸಿಟಿವಿಟಿಯನ್ನೂ ಹೆಚ್ಚಿಸಿದೆ. ಎಷ್ಟು ಕೊಟ್ಟರೂ ಹೋಗದ ಸದ್ದು ಇದು ಎಂದು ಹಟಕ್ಕೆ ಬಿದ್ದೆನೇ ವಿನಾ, ಎಷ್ಟು ಕೊಟ್ಟರೂ ಏಕೆ ಹೋಗುತ್ತಿಲ್ಲ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಹದಿನಾಲ್ಕು ಫೈಲುಗಳಿಗೂ ಅದೇ ಸೆಟ್ಟಿಂಗ್ ಹಾಕಿ, ಮಾಸ್ಟರ್ (ಅಂತಿಮ ಪ್ರತಿ) ಮಾಡಿ, ಗುರುವಾರ ರಾತ್ರಿ ಕಳುಹಿಸಿಬಿಟ್ಟೆ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮೀಟಿಂಗ್ ಇತ್ತು. ಮನೆಯಲ್ಲಿದ್ದ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ಕುಳಿತೆ. ಸಂಯೋಜಕರು ಒಂಬತ್ತನೆಯ ಸಾಲನ್ನು ಓದಿ, "ನೀವು ಇಡೀ ವಾರ ಕೇಳಿದ್ದೀರಲ್ಲ ಸರ್, ಹಕಾರ ಇದೆಯೋ ಇಲ್ಲವೋ ಹೇಳಿ" ಎಂದರು. ಒಂದು ನಿಮಿಷ ಕೊಡಿ ಎಂದು ಕೇಳಿ, ಕರೆ ನಡೆಯುತ್ತಿರುವಾಗಲೇ ರಾ ಫೈಲನ್ನೂ ನನ್ನ ಮಾಸ್ಟರನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ಎರಡೂ ಒಂದೇ ಬಗೆಯಲ್ಲಿ ಮಂಕಾಗಿ ಕೇಳಿಸಿದವು. ಎರಡರಲ್ಲೂ ಹಕಾರ ಇದೆ ಎನ್ನುವಷ್ಟು ಸ್ಪಷ್ಟತೆ ಇರಲಿಲ್ಲ. ಹೆಡ್‌ಸೆಟ್ಟಿನ ಮೈಕ್ ಆನ್ ಆದೊಡನೆ ಬ್ಲೂಟೂತ್ ಸಂಗೀತದ ಎ2ಡಿಪಿ ದಾರಿಯನ್ನು ಬಿಟ್ಟು ಕರೆಯ ಎಚ್‌ಎಫ್‌ಪಿ ದಾರಿಗೆ ಇಳಿಯುತ್ತದೆ, ಅಲ್ಲಿ ಧ್ವನಿ ಮೋನೋ ಆಗಿ ಸ್ಯಾಂಪ್ಲಿಂಗ್ 16 ಕಿಲೋಹರ್ಟ್ಸ್‌ಗೋ, ಹಳೆಯ ಹೆಡ್‌ಸೆಟ್ ಆದರೆ 8 ಕಿಲೋಹರ್ಟ್ಸ್‌ಗೋ ಕುಸಿಯುತ್ತದೆ, ಹಾಗಾಗಿ ಉಸಿರಿನ ಸೂಕ್ಷ್ಮವೆಲ್ಲ ಅಲ್ಲಿಯೇ ಹೋಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಎಂಟು ಜನ ಸುಮ್ಮನೆ ಕಾಯುತ್ತಿದ್ದರು, ನನ್ನ ಕೈ ಬೆವರುತ್ತಿತ್ತು, ತಿಳಿದದ್ದು ನೆನಪಿಗೆ ಬರಲಿಲ್ಲ. "ಸ್ಪಷ್ಟವಾಗಿ ಹೇಳಲಾಗುತ್ತಿಲ್ಲ" ಎಂದೆ. ಅದನ್ನು ಅವರು ಒಪ್ಪಿಗೆ ಎಂದು ತೆಗೆದುಕೊಂಡರು. ಬದಲಿ ಧ್ವನಿ ಹುಡುಕುವುದೆಂದು ನಾಲ್ಕು ನಿಮಿಷದಲ್ಲಿ ನಿರ್ಧಾರವಾಯಿತು. ಒಂದು ಗಂಟೆ ಬೇಕು, ಸರಿಯಾಗಿ ಕೇಳಿ ಹೇಳುತ್ತೇನೆ ಎಂಬ ಒಂದೇ ಒಂದು ಮಾತು ಆಗ ನನ್ನ ಬಾಯಿಂದ ಬಂದಿದ್ದರೆ ಸಾಕಿತ್ತು. ಅದು ಬರಲಿಲ್ಲವೆಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮನಸ್ಸು ತಡೆಯದೆ ಮಧ್ಯಾಹ್ನ ಇಯರ್‌ಫೋನ್ ಹಾಕಿಕೊಂಡು ಒಂಬತ್ತನೆಯ ಫೈಲಿನ ರಾ ಪ್ರತಿಯನ್ನು ಮೊದಲಿನಿಂದ ಕೇಳತೊಡಗಿದೆ. ಹಕಾರ ಇತ್ತು. ಪ್ರತಿಯೊಂದೂ ಇತ್ತು. ಅದನ್ನು ಕೇಳಿ ಎದೆ ಹೊಡೆದುಕೊಳ್ಳುತ್ತಿರುವಾಗಲೇ, ಲೈನಿನ ಮೇಲೆ ಮರ ಬಿದ್ದಿತೋ ಏನೋ, ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಗೆ ಬದಲಾಯಿತು, ಶಿಕ್ಷಕಿಯವರ ಓದು ನಿಲ್ಲದೆ ಮುಂದುವರಿಯಿತು, ಆದರೆ ಅವರ ಮಾತಿನ ಹಿಂದೆ ಕೊರೆಯುತ್ತಿದ್ದ ಆ ಸಣ್ಣ ಸದ್ದು ತಟಕ್ಕನೆ ನಿಂತುಹೋಯಿತು. ಮೂರು ವಾರಗಳ ಹಿಂದೆ ನಾಪೋಕ್ಲುವಿನ ಒಂದು ಕೋಣೆಯಲ್ಲಿ ಧ್ವನಿಮುದ್ರಣಗೊಂಡ ಫೈಲಿಗೆ ಇಂದು ಮಡಿಕೇರಿಯಲ್ಲಿ ಕರೆಂಟ್ ಹೋದದ್ದು ತಿಳಿಯಲು ಸಾಧ್ಯವೇ ಇಲ್ಲ. ಅಂದರೆ ಆ ಸದ್ದು ನನ್ನ ಚಾರ್ಜರಿನದು.

ಉಳಿದ ಸುಸ್ಸೆನ್ನುವ ಸದ್ದಿಗಾಗಿ ಆಡಾಸಿಟಿಯಲ್ಲಿಯೇ ಮೂವತ್ತು ಸೆಕೆಂಡಿನ ಸೈಲೆನ್ಸ್ ಸೃಷ್ಟಿಸಿ ಪ್ಲೇ ಮಾಡಿದೆ. ಏನೂ ಇಲ್ಲದ ಆ ಟ್ರ್ಯಾಕಿನಲ್ಲೂ ಸುಸ್ಸೆನ್ನುವುದು ಕೇಳಿತು. ವಿಂಡೋಸಿನ ವಾಲ್ಯೂಮ್ ಏರಿಸಿದರೂ ಇಳಿಸಿದರೂ ಅದು ಏರಲೂ ಇಲ್ಲ, ಇಳಿಯಲೂ ಇಲ್ಲ. ಫೈಲಿನೊಳಗಿನ ಸದ್ದಾಗಿದ್ದರೆ ವಾಲ್ಯೂಮಿನ ಜೊತೆಗೆ ಏರಿಳಿಯಬೇಕಿತ್ತು. ಲ್ಯಾಪ್‌ಟಾಪಿನ ಆಡಿಯೋ ಚಿಪ್ ವಿದ್ಯುತ್ ಉಳಿಸಲೆಂದು, ಪ್ಲೇ ನಿಂತ ಸ್ವಲ್ಪ ಹೊತ್ತಿಗೆ ತಾನೂ ಮಲಗುತ್ತದೆ. ಪ್ಲೇ ಒತ್ತಿದಾಗ ಏಳುತ್ತದೆ, ಏಳುವಾಗ ತನ್ನ ಸದ್ದನ್ನೂ ತರುತ್ತದೆ. ನಾನು ಫೈಲಿನ ಸದ್ದೆಂದು ನಂಬಿದ್ದು ಇದನ್ನೇ. ಕಿವಿಯೊಳಗೆ ಕೂರುವ, 16 ಓಮಿನ ಸೂಕ್ಷ್ಮವಾದ ಇಯರ್‌ಫೋನುಗಳಲ್ಲಿ ಇಂಥ ಸದ್ದು ಎದ್ದು ಕಾಣುತ್ತದೆ. ಹಳೆಯ ಹೆಡ್‌ಫೋನಿನಲ್ಲಿ ಅದು ಕೇಳಿಸಿಯೇ ಇರಲಿಲ್ಲ. ಮೂರನೆಯ ಕಾರಣ ವಿಂಡೋಸಿನ ಆಡಿಯೋ ಎನ್‌ಹಾನ್ಸ್‌ಮೆಂಟ್ ಪುಟದಲ್ಲಿ ಸಿಕ್ಕಿತು. ಅಲ್ಲಿ ಲೌಡ್‌ನೆಸ್ ಈಕ್ವಲೈಸೇಶನ್ ಆನ್ ಆಗಿತ್ತು. ತಗ್ಗಿದ ಸದ್ದನ್ನು ಮೇಲೆತ್ತುವುದೇ ಅದರ ಕೆಲಸವಾದ್ದರಿಂದ, ಮಾತಿನ ನಡುವಿನ ಮೌನವನ್ನೆಲ್ಲ ಅದು ಎತ್ತಿ ತೋರಿಸುತ್ತಿತ್ತು. ಕೊನೆಗೆ ಮೌನದ ಭಾಗವೊಂದನ್ನು ಆರಿಸಿ ಅಳತೆ ಮಾಡಿದೆ. ರಾ ಫೈಲಿನಲ್ಲಿ -64 ಡೆಸಿಬೆಲ್ ಇತ್ತು. ಆಡಿಯೋಬುಕ್ ವೇದಿಕೆಯಾದ ಎಸಿಎಕ್ಸ್ ಕೇಳುವ ಮಿತಿ -60, ಮೌನದ ಸದ್ದು ಅದಕ್ಕಿಂತ ತಗ್ಗಿರಬೇಕು. ನಮ್ಮ ಸ್ಪೆಕ್ಕಿನಲ್ಲಿರುವುದೂ ಅದೇ. ಆ ಫೈಲಿಗೆ ನಾಯ್ಸ್ ರಿಡಕ್ಷನ್ನಿನ ಅಗತ್ಯವೇ ಇರಲಿಲ್ಲ.

ಅದಾದ ಮೇಲೆ ನಾನು ಕೇಳಿದ್ದು ಹೆಚ್ಚು ಕಷ್ಟ ಕೊಟ್ಟಿತು. ಆಡಾಸಿಟಿಯ ನಾಯ್ಸ್ ರಿಡಕ್ಷನ್ ಕಿಟಕಿಯಲ್ಲಿ ರೆಸಿಡ್ಯೂ ಎಂಬ ಆಯ್ಕೆ ಇದೆ. ಏನನ್ನು ತೆಗೆದುಹಾಕುತ್ತಿದ್ದೇವೆಯೋ ಅದನ್ನಷ್ಟೇ ಅದು ಕೇಳಿಸುತ್ತದೆ. ನಾನು ವರ್ಷಗಳಿಂದ ಬಳಸುತ್ತಿದ್ದ ಕಿಟಕಿಯಲ್ಲಿ ಆ ಗುಂಡಿಯನ್ನು ಒತ್ತಿದ್ದು ಅಂದೇ ಮೊದಲು. ಸ್ವರವಿಲ್ಲದೆ, ಬರಿಯ ಉಸಿರಾಗಿ, ಹುತ್ತರಿಯ ಹ, ಹೊಸ ಅಕ್ಕಿಯ ಹ, ಹಬ್ಬದ ಹ, ನಡುನಡುವೆ ಶಕಾರ ಸಕಾರಗಳ ಚೂರುಗಳು ಒಂದೊಂದಾಗಿ ಬಂದವು. ಉಸಿರಿನಿಂದ ಹುಟ್ಟುವ ಅಕ್ಷರವನ್ನು ಯಂತ್ರವು ಗದ್ದಲವೆಂದು ತಿಳಿಯುವುದು ಸಹಜ. ಅದಕ್ಕೆ ಅಷ್ಟು ಅಧಿಕಾರ ಕೊಟ್ಟವನು ನಾನು. ಶಿಕ್ಷಕಿಯವರ ಉಚ್ಚಾರಣೆಯೆಲ್ಲ ಕಸದ ಬುಟ್ಟಿಯಲ್ಲಿ ಬಿದ್ದಿತ್ತು.

ಸಂಜೆ ನಾಲ್ಕಕ್ಕೆ ಸಂಯೋಜಕರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಎರಡು ಪ್ರತಿಗಳನ್ನೂ ರೆಸಿಡ್ಯೂ ತುಣುಕನ್ನೂ ಕಳುಹಿಸಿ, ದಯವಿಟ್ಟು ಕೇಬಲ್ ಇರುವ ಇಯರ್‌ಫೋನಿನಲ್ಲೇ ಕೇಳಿ ಎಂದು ಕೋರಿದೆ. ಕ್ಯೂಸಿಯನ್ನು ಫೋನಿನ ಸ್ಪೀಕರಿನಲ್ಲೇ ಮಾಡುತ್ತಾರೆಂಬುದು ಅಂದು ತಿಳಿಯಿತು. ಆದರೂ ಅವರ ಕಿವಿ ಹಿಡಿದದ್ದನ್ನು ನನ್ನ ಕಿವಿ ಹಿಡಿಯಲಿಲ್ಲ. ಆ ವಿಷಯದಲ್ಲಿ ನಾನು ಅವರನ್ನು ದೂರುವಂತಿಲ್ಲ. ಬದಲಿ ಧ್ವನಿಯ ಹುಡುಕಾಟ ನಿಂತಿತು, ಹದಿನಾಲ್ಕನ್ನೂ ರಾ ಫೈಲಿನಿಂದ ಮತ್ತೆ ಮಾಡಲು ನಾಲ್ಕು ದಿನ ಸಿಕ್ಕಿತು.

ಆ ನಾಲ್ಕು ದಿನಗಳ ಮೊದಲ ಯೋಚನೆ ಹನ್ನೆರಡು ಸಾವಿರದ ಹೆಡ್‌ಫೋನ್ ಕೊಳ್ಳುವುದಾಗಿತ್ತು. ಅದೇ ಜ್ಯಾಕಿಗೆ ಸಿಕ್ಕಿಸಿದ್ದರೆ ಅದೇ ಸದ್ದನ್ನು ಇನ್ನೂ ಚೆನ್ನಾಗಿ ಕೇಳುತ್ತಿದ್ದೆ. ಅದರ ಬದಲು ಒಂಬೈನೂರು ರೂಪಾಯಿಯ ಯುಎಸ್‌ಬಿ ಡಾಂಗಲ್ ತಂದೆ. ಅಂಕಿಗಳನ್ನು ಧ್ವನಿಯ ಸಂಕೇತವಾಗಿಸುವ ಡಿಎಸಿಯೂ ಪುಟ್ಟ ಆಂಪ್ಲಿಫೈಯರೂ ಅದರೊಳಗೇ ಇರುವುದರಿಂದ ಧ್ವನಿ ಅಂಕಿಗಳ ರೂಪದಲ್ಲಿಯೇ ಲ್ಯಾಪ್‌ಟಾಪಿನಿಂದ ಹೊರಬಂದು, ಮದರ್‌ಬೋರ್ಡಿನ ಗಲಾಟೆಯಿಂದ ದೂರದಲ್ಲಿ ಧ್ವನಿಯಾಗುತ್ತದೆ. ಕೊಳ್ಳುವಾಗ ಡಿಎಸಿ ಇದೆಯೇ ಎಂದು ಕೇಳಿಕೊಳ್ಳಲೇಬೇಕು. ಒಳಗೆ ಬರಿಯ ತಂತಿ ಇರುವ, ಕೆಲವು ಫೋನುಗಳಿಗಷ್ಟೇ ಹೊಂದುವ ಅಡಾಪ್ಟರುಗಳೂ ಅದೇ ಆಕಾರದಲ್ಲಿ ಅದೇ ಅಂಗಡಿಯಲ್ಲಿ ಸಿಗುತ್ತವೆ, ಅವು ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಹಳೆಯ ಹೆಡ್‌ಫೋನಿಗೆ ಮುನ್ನೂರೈವತ್ತು ರೂಪಾಯಿಯ ಹೊಸ ಕಿವಿಮೆತ್ತೆ ಹಾಕಿದೆ. ಮೆತ್ತೆ ಹರಿದು ಗಾಳಿ ಸೋರಿದರೆ ಮೊದಲು ಸೋರಿಹೋಗುವುದು ತಗ್ಗುಸ್ವರವಾದ್ದರಿಂದ, ಎಷ್ಟೋ ಜನ ಹೆಡ್‌ಫೋನೇ ಹಾಳಾಯಿತೆಂದು ಎಸೆಯುತ್ತಾರೆ. ಈಗ ಮಳೆಗಾಲದಲ್ಲಿ ಅದನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಡಬ್ಬಿಯಲ್ಲಿಡುತ್ತೇನೆ.

ಲೌಡ್‌ನೆಸ್ ಈಕ್ವಲೈಸೇಶನನ್ನು ಆಫ್ ಮಾಡಿದೆ. ನನ್ನ ಹೆಡ್‌ಫೋನು ಸಕಾರವನ್ನು ಚುಚ್ಚುವಂತೆ ಕೇಳಿಸುತ್ತದೆಂದು ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶ ಹಾಕಿ, 7 ಕಿಲೋಹರ್ಟ್ಸ್ ಆಸುಪಾಸಿನಲ್ಲಿ 4 ಡೆಸಿಬೆಲ್ ಇಳಿಸಿದೆ, ತಗ್ಗುಸ್ವರವನ್ನು 3 ಡೆಸಿಬೆಲ್ ಏರಿಸಿದೆ. ಎಷ್ಟು ಏರಿಸುತ್ತೇವೆಯೋ ಕನಿಷ್ಠ ಅಷ್ಟನ್ನು ಪ್ರಿಆಂಪಿನಲ್ಲಿ, ಅಂದರೆ ಒಟ್ಟು ಧ್ವನಿಮಟ್ಟದಲ್ಲಿ, ಕಳೆಯಬೇಕು, ಇಲ್ಲವಾದರೆ ದೊಡ್ಡ ಧ್ವನಿ ಬಂದಲ್ಲಿ ಕ್ಲಿಪ್ ಆಗಿ ಒಡೆದು ಕೇಳುತ್ತದೆ. ಇದು ಕೇಳುವ ದಾರಿಯನ್ನಷ್ಟೇ ತಿದ್ದುತ್ತದೆ, ಎಕ್ಸ್‌ಪೋರ್ಟ್ ಆಗುವ ಫೈಲನ್ನು ಮುಟ್ಟುವುದಿಲ್ಲ. ಪ್ರತಿ ಬ್ಯಾಚಿನ ಆರಂಭದಲ್ಲಿ ಈಗ ಮೂವತ್ತು ಸೆಕೆಂಡಿನ ಸೈಲೆನ್ಸ್ ಫೈಲನ್ನು ಮೊದಲು ಪ್ಲೇ ಮಾಡುತ್ತೇನೆ, ಚಾರ್ಜರ್ ತೆಗೆದು ಒಮ್ಮೆ, ಹಾಕಿ ಒಮ್ಮೆ.

ಆಗಸ್ಟ್ ಮೊದಲ ವಾರ ನಾಪೋಕ್ಲುವಿಗೆ ಹೋಗಿ ಶಿಕ್ಷಕಿಯವರಿಗೆ ಎಲ್ಲವನ್ನೂ ಹೇಳಿದೆ. ಷರಾದ ವಿಷಯ ಅವರಿಗೆ ಅದಾಗಲೇ ಯಾರಿಂದಲೋ ತಿಳಿದಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. "ವಯಸ್ಸಾಯಿತು, ಹಲ್ಲು ಕಟ್ಟಿಸಿದ ಮೇಲೆ ನಿಜವಾಗಿಯೂ ಹೋಗಿದೆಯೇನೋ ಅಂತ ಕನ್ನಡಿ ಮುಂದೆ ನಿಂತು ಓದಿ ನೋಡಿದೆನಪ್ಪಾ" ಎಂದರು. ಡಾಂಗಲಿಗೆ ಹೆಡ್‌ಫೋನ್ ಸಿಕ್ಕಿಸಿ ಅವರ ಕಿವಿಗಿಟ್ಟು ಒಂಬತ್ತನೆಯ ಫೈಲನ್ನು ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

ಶೀಟಿನ ಒಂಬತ್ತನೆಯ ಸಾಲಿನಲ್ಲಿ ದೋಷದ ಬಗೆ ಎಂಬ ಕಾಲಮ್ಮಿನಲ್ಲಿ "ನಿರೂಪಣೆ" ಎಂದೇ ಉಳಿದಿತ್ತು. ಬ್ಯಾಚ್ ಕ್ಲೋಸ್ ಆಗಿದೆ, ಈಗ ಯಾರು ನೋಡುತ್ತಾರೆ ಎಂದು ಸಂಸ್ಥೆಯವರು ಹೇಳಿದರು. ಮೂರು ಸಲ ಮೇಲ್ ಬರೆದ ಮೇಲೆ ಶೀಟನ್ನು ತೆರೆದುಕೊಟ್ಟರು. "ನಿರೂಪಣೆ" ಎಂಬುದನ್ನು ಅಳಿಸಿ "ಸಂಕಲನ" ಎಂದು ಬರೆದು, ಪಕ್ಕದಲ್ಲಿ ನನ್ನ ಹೆಸರನ್ನು ಹಾಕಿದೆ.