ಪಂಪ್‌ಹೌಸಿನ ದಾರ

ಈ ಕೊಠಡಿಯಲ್ಲಿ ಎಷ್ಟು ಕಂಪ್ಯೂಟರ್‌ಗಳಿವೆ, ಎಣಿಸಿ ಎಂದರು ಮೇಡಂ. 2006ರ ಜನವರಿ, ಎಂ.ಟೆಕ್. ಎರಡನೆಯ ಸೆಮಿಸ್ಟರಿನ ಮೊದಲ ಬುಧವಾರ. ಇದ್ದದ್ದು ಆರೇ ಜನ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇತ್ತು, ಒಂದು ಎಂದೆವು. ಮೇಡಂ ಪ್ರೊಜೆಕ್ಟರ್ ತೋರಿಸಿದರು, ಅದರ ರಿಮೋಟ್ ತೋರಿಸಿದರು, ನಮ್ಮ ಜೇಬಿನಿಂದ ಮೊಬೈಲ್‌ಗಳನ್ನು ತೆಗೆಸಿದರು, ನನ್ನ ಕ್ಯಾಲ್ಕುಲೇಟರನ್ನೂ ಬಿಡಲಿಲ್ಲ. ಲೆಕ್ಕ ಹನ್ನೊಂದಕ್ಕೆ ನಿಂತಿತು. "ಉಳಿದ ಹತ್ತು ನಿಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ, ಈ ಕೋರ್ಸಿನಲ್ಲಿ ಓದುವುದು ಅದನ್ನೇ" ಎಂದರು.

ಯುಬಿಕ್ವಿಟಸ್ ಕಂಪ್ಯೂಟಿಂಗ್ ಎಂದು ಬೋರ್ಡಿನ ಮೇಲೆ ಬರೆದಾಗ ನಮ್ಮಲ್ಲಿಬ್ಬರಿಗೆ ನಾಲಿಗೆಯೇ ತಿರುಗಲಿಲ್ಲ. ಎಲ್ಲೆಲ್ಲೂ ಇರುವುದು ಎಂದರ್ಥ ಎಂದಾಗ ಪಾವಗಡದ ಗೆಳೆಯ ಮೆಲ್ಲಗೆ, "ಪ್ರಹ್ಲಾದನ ಕಂಬ ಅನ್ನಿ" ಎಂದ. ಅಂದಿನಿಂದ ಆ ಕೋರ್ಸಿಗೆ ನಮ್ಮ ನಡುವೆ 'ಕಂಬ' ಎಂದೇ ಹೆಸರು.

ಪರೀಕ್ಷೆ ಇರಲಿಲ್ಲ. ವಾರಕ್ಕೊಂದು ಪ್ರಬಂಧ ಓದಿ ಎರಡು ಪುಟ ವಿಮರ್ಶೆ ಬರೆಯಬೇಕು, ಕೊನೆಗೊಂದು ಪ್ರಾಜೆಕ್ಟ್. ಮೊದಲ ವಾರ ಓದಿದ್ದು ಮಾರ್ಕ್ ವೈಸರ್. ಪಾಲೋ ಆಲ್ಟೋದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಈತ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಗೆ 1991ರಲ್ಲಿ ಬರೆದ ಲೇಖನದಿಂದಲೇ ಈ ವಿಷಯ ಹೊರಗಿನವರಿಗೆ ಗೊತ್ತಾದದ್ದು. ಅಂಗೈಯಗಲದ್ದು, ಹಾಳೆಯಗಲದ್ದು, ಗೋಡೆಯಗಲದ್ದು ಹೀಗೆ ಮೂರು ಅಳತೆಯ ಯಂತ್ರಗಳನ್ನು ಅವರು ಮಾಡಿಯೂ ತೋರಿಸಿದ್ದರು. ಆದರೆ ಆತನಿಗೆ ಬೇಕಾಗಿದ್ದದ್ದು ಯಂತ್ರಗಳಲ್ಲ, ಅವುಗಳ ಕಡೆಗೆ ಗಮನ ಕೊಡದೆ ಬಾಳುವ ಮನುಷ್ಯರು. 1999ರಲ್ಲಿ ತೀರಿಕೊಂಡ. ಈಗಿನ ಮೊಬೈಲ್‌ಗಳು ಗಳಿಗೆಗೊಮ್ಮೆ ನಮ್ಮ ಅಂಗಿ ಹಿಡಿದು ಜಗ್ಗುವುದನ್ನು ಆತ ನೋಡಲಿಲ್ಲ, ಪುಣ್ಯವಂತ.

ಎರಡನೆಯ ವಾರದ್ದು ಕೇಂಬ್ರಿಜ್‌ನ ಒಲಿವೆಟ್ಟಿ ಪ್ರಯೋಗಾಲಯದ 'ಆಕ್ಟಿವ್ ಬ್ಯಾಡ್ಜ್'. ಎದೆಗೆ ಸಿಕ್ಕಿಸಿಕೊಂಡ ಬಿಲ್ಲೆ ಹದಿನೈದು ಸೆಕೆಂಡಿಗೊಮ್ಮೆ ಅತಿಗೆಂಪು ಕಿರಣದಲ್ಲಿ ತನ್ನ ಗುರುತು ಹೇಳುತ್ತದೆ. ಯಾರು ಯಾವ ಕೋಣೆಯಲ್ಲಿದ್ದಾರೆ ಎಂದು ತಿಳಿಯುತ್ತದೆ. ಇದು ನಮ್ಮ ವಾರ್ಡನ್ ಕಿವಿಗೆ ಬೀಳದಿರಲಿ ಎಂಬುದೇ ಅಂದು ನಾವು ಬರೆದ ಆರೂ ವಿಮರ್ಶೆಗಳ ಸಾರ.

ಪ್ರಾಜೆಕ್ಟಿಗೆ ನಾನು ಹಾಸ್ಟೆಲ್ಲಿನ ನೀರಿನ ಟ್ಯಾಂಕನ್ನು ಆರಿಸಿಕೊಂಡೆ. ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಹೊಲಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನವರ ಜೊತೆ ಸೇರಿ ಮಣ್ಣಿನ ತೇವ ಅಳೆಯಲು ನೋಡ್‌ಗಳನ್ನು, ಅಂದರೆ ಅಳೆದದ್ದನ್ನು ರೇಡಿಯೊ ಮೂಲಕ ಕಳಿಸುವ ಸಣ್ಣ ಸಾಧನಗಳನ್ನು, ಇಡುತ್ತಿದ್ದ ಕಾಲ ಅದು. ಗೆಳೆಯ ಊರಿಂದ ಬಂದಾಗಲೆಲ್ಲ ಆ ಸುದ್ದಿ ಹೇಳಿ ನನ್ನ ಆಸೆ ಹೆಚ್ಚಿಸಿದ್ದ. ತೇಲುವ ಬೆಂಡಿಗೆ ಅಯಸ್ಕಾಂತ ಕಟ್ಟಿದೆ. ನೀರು ಕಂಠಮಟ್ಟಕ್ಕೆ ಬಂದರೆ ಸ್ವಿಚ್ ಅಂಟಿಕೊಳ್ಳುತ್ತದೆ, ಮುಚ್ಚಳದ ಮೇಲಿನ ನೋಡ್ ಪಂಪ್‌ಹೌಸಿಗೆ ಸುದ್ದಿ ಕಳಿಸುತ್ತದೆ. ಸೋಮವಾರ ಬೆಳಿಗ್ಗೆ ಕಟ್ಟಿ ಇಳಿದೆ. ಶನಿವಾರ ಮಧ್ಯಾಹ್ನ ಅದು ಸತ್ತಿತ್ತು.

ಮೇಡಂ ಬೈಯಲಿಲ್ಲ, ಒಂದು ಭಾಗಾಕಾರ ಮಾಡಿಸಿದರು. ರೇಡಿಯೊ ಎಚ್ಚರವಾಗಿದ್ದರೆ ಸುಮಾರು 20 ಮಿಲಿಆಂಪಿಯರ್ ಎಳೆಯುತ್ತದೆ. ಎರಡು ಪೆನ್ಸಿಲ್ ಸೆಲ್‌ಗಳಲ್ಲಿ ಇರುವುದು ಹೆಚ್ಚೆಂದರೆ 2500 ಮಿಲಿಆಂಪಿಯರ್ ಗಂಟೆ. ಸಿಕ್ಕ ಉತ್ತರ 125 ಗಂಟೆ, ಅಂದರೆ ಐದು ದಿನ, ಮೇಲೆ ಐದು ಗಂಟೆ. ನನ್ನ ನೋಡ್ ಮಾತನಾಡಿದ್ದು ದಿನಕ್ಕೆರಡು ಸಲ. ಉಳಿದ ಹೊತ್ತೆಲ್ಲ ಯಾರಾದರೂ ಕರೆಯುವರೇನೋ ಎಂದು ಕಿವಿ ನಿಮಿರಿಸಿ ಕುಳಿತೇ ಸೆಲ್ ಖಾಲಿ ಮಾಡಿಕೊಂಡಿತ್ತು. ಮಲಗಿಸಲು ಕಲಿಸಬೇಕಿತ್ತು. ಎರಡು ನಿಮಿಷಕ್ಕೊಮ್ಮೆ ಕಣ್ಣು ಬಿಟ್ಟು ನೋಡಿ ಮತ್ತೆ ಮಲಗುವಂತೆ ಪ್ರೋಗ್ರಾಂ ತಿದ್ದಿದೆ.

ಪಂಪು ನೋಡಿಕೊಳ್ಳುತ್ತಿದ್ದ ತಾತ ಇದನ್ನೆಲ್ಲ ಚೌಕಾಬಾರದ ಮಣೆಯ ಮುಂದೆ ಕುಳಿತೇ ಗಮನಿಸುತ್ತಿದ್ದರು. ಟ್ಯಾಂಕು ತುಂಬಿದ್ದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ಸದ್ದು, ಮರಿ. ಮೊದಲು ಧೋ ಅನ್ನುತ್ತದೆ. ತುಂಬುತ್ತ ಬಂದ ಹಾಗೆ ಗಂಟಲು ಕಟ್ಟುತ್ತದೆ" ಎಂದು ಕವಡೆ ಎಸೆದರು. ಆಟವೂ ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ.

ಬುಧವಾರ ಇದನ್ನು ಹೇಳಿದಾಗ ಮೇಡಂ ಮುಂದಿನ ತಿಂಗಳಿಗೆಂದು ಇಟ್ಟಿದ್ದ ಓದನ್ನು ಅಂದೇ ಕೊಟ್ಟರು. ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ವೈಸರನ ಕೇಂದ್ರದಲ್ಲೇ ಚಾವಣಿಯ ಪುಟ್ಟ ಮೋಟಾರಿಗೆ ಎಂಟು ಅಡಿ ಪ್ಲಾಸ್ಟಿಕ್ ದಾರ ಇಳಿಬಿಟ್ಟು, ಮೋಟಾರನ್ನು ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸಿದ್ದರು. ಕೇಬಲ್ಲಿನಲ್ಲಿ ಮಾಹಿತಿಯ ಸಂಚಾರ ಕಡಿಮೆಯಿದ್ದರೆ ದಾರ ಆಗೊಮ್ಮೆ ಈಗೊಮ್ಮೆ ಅದುರುತ್ತದೆ, ಹೆಚ್ಚಾದರೆ ಗಿರಗಿರನೆ ಸುತ್ತುತ್ತದೆ. ಯಾರೂ ಪರದೆ ನೋಡಬೇಕಾಗಿಲ್ಲ. ಕಣ್ಣಂಚಿನಲ್ಲಿ ಬಿದ್ದರೆ ಸಾಕು.

ನಾನೂ ಆಟಿಕೆಯ ಮೋಟಾರೊಂದನ್ನು ಪಂಪ್‌ಹೌಸಿನ ತೊಲೆಗೆ ಬಿಗಿದು ಹಸಿರು ದಾರ ಇಳಿಬಿಟ್ಟೆ. ಟ್ಯಾಂಕು ತುಂಬಿದ ಸುದ್ದಿ ನೋಡ್‌ನಿಂದ ಬಂದೊಡನೆ ದಾರ ಸುತ್ತಬೇಕು. ಪ್ರದರ್ಶನದ ದಿನ ಮೇಡಂ ಮತ್ತು ಆರೂ ಜನ ಕತ್ತೆತ್ತಿ ನಿಂತೆವು. ಪಂಪು ಓಡುತ್ತಿತ್ತು, ದಾರ ಸುಮ್ಮನಿತ್ತು. ತಾತ ಎದ್ದರು, ಪಂಚೆ ಕೊಡವಿಕೊಂಡರು, ಸ್ವಿಚ್ ಆರಿಸಿ ಮತ್ತೆ ಮಣೆಯ ಮುಂದೆ ಕುಳಿತರು. ನಿಮಿಷ ಕಳೆಯಿತು. ಮೇಲೆ ನೋಡ್ ನಿದ್ದೆಯಿಂದ ಎದ್ದಿರಬೇಕು, ನಿಂತ ಪಂಪಿನ ಮೇಲೆ ದಾರ ಗಿರಗಿರನೆ ಸುತ್ತತೊಡಗಿತು. ಮೇಡಂ ನಕ್ಕಷ್ಟು ನಕ್ಕದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.

ಬಿಚ್ಚಲು ಏಣಿ ತಂದಾಗ ತಾತ ತಡೆದರು. "ಇರಲಿ ಬಿಡು. ಮೊಮ್ಮಗನ ನಾಮಕರಣಕ್ಕೆ ಎಂಟು ದಿನ ಊರಿಗೆ ಹೋಗುತ್ತೇನೆ. ಬದಲಿಗೆ ಬರುವ ಹುಡುಗನಿಗೆ ಈ ಸದ್ದು ಗಿದ್ದು ತಿಳಿಯುವುದಿಲ್ಲ."

ಆ ಸಂಜೆಯೇ ಕ್ಯಾಂಟೀನ್ ಪಕ್ಕದ ಅಂಗಡಿಯಿಂದ ಎರಡು ಹೊಸ ಸೆಲ್ ತಂದು, ಏಣಿ ಹತ್ತಿ ಹಾಕಿ ಬಂದೆ.